ಗೇಟಿನ ಒಳಗಿನ ರಸ್ತೆಗೆ ಪೊಲೀಸ್ ಯಾರು?

ನಿಮ್ಮ ಪ್ರಶ್ನೆ ಓದಿದೆ. ನೀವು ಬೆಂಗಳೂರಿನಿಂದ ಫ್ಲೋರಿಡಾ ರಾಜ್ಯದ ಟ್ಯಾಂಪಾಗೆ ಬಂದು ನಾಲ್ಕು ತಿಂಗಳು. ಗೇಟ್ ಇರುವ ಬಡಾವಣೆಯಲ್ಲಿ ಬಾಡಿಗೆ ಮನೆ, ಆರು ವರ್ಷದ ಮಗಳು. ಒಳಗೆ ಗಾಡಿಗಳು ಜೋರಾಗಿ ಓಡುತ್ತವೆ, ಸ್ಟಾಪ್ ಸೈನಿಗೆ ಯಾರೂ ನಿಲ್ಲಿಸುವುದಿಲ್ಲ. ಪೊಲೀಸರಿಗೆ ಫೋನ್ ಮಾಡಿದರೆ "ಅದು ಖಾಸಗಿ ರಸ್ತೆ" ಅಂದರಂತೆ. ಅಮೆರಿಕದಲ್ಲೂ ಹೀಗಾ ಅಂತ ಕೇಳಿದ್ದೀರಿ.

ಹೌದು, ಇಲ್ಲೂ ಹೀಗೇ. ಆದರೆ ದಾರಿ ಇದೆ. ನಾನು 17 ವರ್ಷದಿಂದ ಇದೇ ಊರಿನ ಹತ್ತಿರ ಇಂಥದ್ದೇ ಬಡಾವಣೆಯಲ್ಲಿದ್ದೇನೆ. ಈ ವಿಷಯ ನನಗೆ ಅರ್ಥವಾಗಿದ್ದು ಅಮ್ಮನಿಂದ.

ಅಮ್ಮ ತಿಪಟೂರಿನಿಂದ ಬಂದಿದ್ದರು. ಬಿಸಿಲು ಇಳಿದ ಮೇಲೆ ದಿನಾ ಇಬ್ಬರೂ ಒಂದು ಸುತ್ತು ಹೋಗಿ ಬರುತ್ತಿದ್ದೆವು. ಫುಟ್‌ಪಾತ್ ಇಲ್ಲದ ಕಡೆ ಅವರು ರೂಢಿಯಂತೆ ಎಡಕ್ಕೇ ನಡೆಯುತ್ತಿದ್ದರು. ಇಲ್ಲಿ ಅದು ಸರಿಯೇ. ಗಾಡಿಗಳು ಬಲಕ್ಕೆ ಓಡುವುದರಿಂದ ಎದುರಿಗೆ ಬರುವ ಗಾಡಿ ಕಣ್ಣಿಗೆ ಬೀಳುತ್ತದೆ. ಫ್ಲೋರಿಡಾ ಕಾನೂನೂ ಹಾಗೇ ಹೇಳುತ್ತದೆ. ತೊಂದರೆ ಆಗಿದ್ದು ದಾಟುವಾಗ. ಊರಲ್ಲಿ ರಸ್ತೆ ದಾಟುವಾಗ ಮೊದಲು ಬಲಕ್ಕೆ ನೋಡುತ್ತೇವೆ, ಅಲ್ವಾ? ಇಲ್ಲಿ ಮೊದಲ ಗಾಡಿ ಬರುವುದು ಎಡದಿಂದ. ತಿರುವಿನಲ್ಲಿ ಅಮ್ಮ ಬಲಕ್ಕೆ ನೋಡಿ ಕಾಲಿಟ್ಟರು. ಎಡದಿಂದ ಬಂದ ಪಿಕಪ್ ಸ್ಟಾಪ್ ಸೈನಿಗೆ ನಿಲ್ಲಲೇ ಇಲ್ಲ. ನಾನು ಸೆರಗು ಹಿಡಿದು ಎಳೆದೆ. ಒಂದು ಚಪ್ಪಲಿ ರಸ್ತೆಯಲ್ಲೇ ಉಳಿಯಿತು, ಚಕ್ರ ಅದರ ಮೇಲೆ ಹತ್ತಿ ಹೋಯಿತು. ಚಪ್ಪಲಿ ಮಾತ್ರ ಹೋಯಿತು, ದೇವರ ದಯೆ. ಆಮೇಲೆ ಒಂದು ವಾರ ಅಮ್ಮ ಅಂಗಳ ದಾಟಲಿಲ್ಲ.

ಮಾರನೇ ದಿನ ನಾನೂ ನಿಮ್ಮ ಹಾಗೇ ಫೋನ್ ಮಾಡಿದೆ. ಶೆರೀಫ್ ಕಚೇರಿಯ (ಕೌಂಟಿ, ಅಂದರೆ ಇಲ್ಲಿಯ ಜಿಲ್ಲೆಯ ಪೊಲೀಸ್) ಡೆಪ್ಯುಟಿ ತಾಳ್ಮೆಯಿಂದ ಬಿಡಿಸಿ ಹೇಳಿದರು. ರಸ್ತೆ ಎಚ್‌ಓಎ, ಅಂದರೆ ಬಡಾವಣೆಯ ಮನೆ ಮಾಲೀಕರ ಸಂಘದ ಆಸ್ತಿ. ಡಾಂಬರು ಹಾಕಿಸುವುದೂ ಅದೇ, ದೀಪ ಹಾಕಿಸುವುದೂ ಅದೇ. ಅಲ್ಲಿ ಪೊಲೀಸರು ಸ್ಪೀಡ್ ಟಿಕೆಟ್ (ದಂಡದ ಚೀಟಿ) ಬರೆಯಬೇಕಾದರೆ ರಸ್ತೆಯ ಮಾಲೀಕರು ಮತ್ತು ಕೌಂಟಿ (ಸಿಟಿ ವ್ಯಾಪ್ತಿಯಲ್ಲಿದ್ದರೆ ಸಿಟಿ) ನಡುವೆ ಲಿಖಿತ ಒಪ್ಪಂದ ಇರಬೇಕು. ಫ್ಲೋರಿಡಾ ಕಾಯ್ದೆಯ 316.006ನೇ ವಿಧಿ ಅದಕ್ಕೆ ಅವಕಾಶ ಕೊಡುತ್ತದೆ. ಪೊಲೀಸರ ಖರ್ಚು ಬಡಾವಣೆಯದ್ದು. ನಮ್ಮ ಎಚ್‌ಓಎ ಅಂಥ ಒಪ್ಪಂದ ಮಾಡಿಕೊಂಡೇ ಇರಲಿಲ್ಲ. ಕೇಳಿದವರೇ ಇರಲಿಲ್ಲ.

ಹಾಗಂತ ಗೇಟಿನ ಒಳಗೆ ಕಾನೂನೇ ಇಲ್ಲ ಅಂದುಕೊಳ್ಳಬೇಡಿ. ಕುಡಿದು ಓಡಿಸಿದರೆ ರಸ್ತೆ ಯಾರದ್ದಾದರೂ ಅಪರಾಧ. ಯಾರಿಗಾದರೂ ಗುದ್ದಿ ಗಾಯ ಮಾಡಿ ನಿಲ್ಲಿಸದೆ ಹೋದರೂ ಅಷ್ಟೇ, ಖಾಸಗಿ ಜಾಗ ಅಂತ ಬಿಡುವುದಿಲ್ಲ. ಅಂಥದ್ದು ಕಂಡರೆ ಯೋಚನೆ ಮಾಡದೆ 911ಕ್ಕೆ ಫೋನ್ ಮಾಡಿ.

ಇನ್ನೊಂದು ವಿಷಯ ಮೊದಲೇ ವಿಚಾರಿಸಿ. ಇಲ್ಲಿ ಎಷ್ಟೋ ಬಡಾವಣೆಗಳ ರಸ್ತೆ ಎಚ್‌ಓಎ ಹೆಸರಲ್ಲಿ ಇರುವುದಿಲ್ಲ, ಸಿಡಿಡಿ ಎಂಬ ಸ್ಥಳೀಯ ಸರ್ಕಾರಿ ಸಂಸ್ಥೆಯ ಹೆಸರಲ್ಲಿರುತ್ತದೆ. ಹಾಗಿದ್ದರೆ ಗೇಟ್ ಇದ್ದರೂ ಅದು ಸಾರ್ವಜನಿಕ ರಸ್ತೆ. ಆಗ ದೂರು ಕೊಡಬೇಕಾದ ಕಡೆಯೇ ಬೇರೆ. ಮನೆ ಮಾಲೀಕರ ಆಸ್ತಿ ತೆರಿಗೆ ಬಿಲ್‌ನಲ್ಲಿ ಸಿಡಿಡಿ ಅಂತ ಇದೆಯಾ ಕೇಳಿ. ಬಿಲ್‌ನಲ್ಲಿ ಇದ್ದರೆ ರಸ್ತೆಯೂ ಅವರದ್ದೇನಾ ಅಂತ ಖಚಿತ ಮಾಡಿಕೊಳ್ಳಿ.

ಚಿಕಾಗೋದಲ್ಲಿರುವ ಸ್ನೇಹಿತರು "ನಮ್ಮಲ್ಲಿ ಸೆಕ್ಯುರಿಟಿಯವರೇ ಗಾಡಿ ನಿಲ್ಲಿಸುತ್ತಾರೆ" ಅಂದರೆ ಅದನ್ನು ಇಲ್ಲಿಗೆ ಹಚ್ಚಬೇಡಿ. ಲೇಕ್ ಹಾಲಿಡೇ ಎಂಬ ಬಡಾವಣೆಯ ಕೇಸಿನಲ್ಲಿ ಚಿಕಾಗೋ ಇರುವ ಇಲಿನಾಯ್ ರಾಜ್ಯದ ಸುಪ್ರೀಂ ಕೋರ್ಟ್ 2013ರಲ್ಲಿ ಅದಕ್ಕೆ ಒಪ್ಪಿತು. ಅದು ಆ ರಾಜ್ಯದ ಮಾತು. ಈ ದೇಶದಲ್ಲಿ ಇಂಥ ವಿಷಯದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಲೆಕ್ಕ.

ನಮ್ಮಲ್ಲಿ ಏನು ಮಾಡಿದೆವು ಹೇಳುತ್ತೇನೆ. ಎಲ್ಲರೂ ಡೆಲಿವರಿ ವ್ಯಾನಿನವರನ್ನೇ ಬೈಯುತ್ತಿದ್ದರು. ಸ್ಪೀಡ್ ತೋರಿಸುವ ರೇಡಾರ್ ಬೋರ್ಡ್ ಒಂದು ತಿಂಗಳು ಇಟ್ಟೆವು. ಸಂಜೆ ಐದೂವರೆಗೆ ನಾನೇ ಅದರ ಪಕ್ಕ ನಿಂತು ನೋಡಿದೆ. ಗಂಟೆಗೆ 25 ಮೈಲಿ ಮಿತಿಯ ಕಡೆ 38, 41 ಅಂತ ಕೆಂಪಾಗಿ ತೋರಿಸಿದ ಗಾಡಿಗಳ ಗಾಜಿನ ಮೇಲೆ ನಮ್ಮದೇ ಬಡಾವಣೆಯ ಸ್ಟಿಕರ್. ಆಫೀಸಿನಿಂದ ಬರುವವರು. ಅದರಲ್ಲಿ ಒಬ್ಬರು ನಮ್ಮ ಮನೆಯ ಯುಗಾದಿ ಊಟಕ್ಕೆ ಬಂದವರು.

ನಾಲ್ಕಾರು ಮೈಲಿ ಹೆಚ್ಚಾದರೆ ಏನಾಯ್ತು ಅನಿಸಬಹುದು. ರಸ್ತೆ ಸುರಕ್ಷತೆಯ ಅಧ್ಯಯನ ಮಾಡುವ ಎಎಎ ಫೌಂಡೇಶನ್ 2011ರಲ್ಲಿ ಲೆಕ್ಕ ಹಾಕಿತ್ತು. 23 ಮೈಲಿ ವೇಗದ ಗಾಡಿ ಗುದ್ದಿದರೆ ನಡೆದು ಹೋಗುವವರು ಸಾಯುವ ಸಂಭವ ಸುಮಾರು ನೂರಕ್ಕೆ 10. 32 ಮೈಲಿಗೆ 25. 42 ಮೈಲಿಗೆ 50. ಇದು ಸರಾಸರಿ. ವಯಸ್ಸಾದವರಿಗೆ ಇನ್ನೂ ಜಾಸ್ತಿ.

ನಾನು ಹಂಪ್ ಹಾಕಿಸಿ ಅಂದೆ. ಬೆಂಗಳೂರಿನಲ್ಲಿ ರಾತ್ರೋರಾತ್ರಿ ಏಳುವ ಹಂಪ್ ನೋಡಿ ಬೆಳೆದವರು ನಾವು. ಇಲ್ಲಿ ಹಾಗೆ ಆಗುವುದಿಲ್ಲ. ಫೈರ್ ಎಂಜಿನ್, ಆಂಬ್ಯುಲೆನ್ಸ್ ತಡವಾಗುತ್ತದೆ ಅಂತ ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಬೇಕು. ಅದಕ್ಕೆ ಹಿಡಿಯಿತು ಏಳು ತಿಂಗಳು. ಅಷ್ಟರಲ್ಲಿ ತಿರುವಿನ ಬೇಲಿ ಗಿಡಗಳನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿದೆವು. ಸ್ಟಾಪ್ ಗೆರೆಗೆ ಹೊಸದಾಗಿ ಬಿಳಿ ಬಣ್ಣ ಹೊಡೆಸಿದೆವು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಗಿಡ ಕತ್ತರಿಸಿದ್ದು. ಈಗ ಮಗು ನಿಂತಿದ್ದರೂ ತಿರುಗುವ ಮೊದಲೇ ಕಾಣುತ್ತದೆ.

ಎಚ್‌ಓಎ ದಂಡ ಹಾಕಬಹುದು. ನಿಯಮಾವಳಿಯಲ್ಲಿ ಬೇರೆ ಮೊತ್ತ ಇಲ್ಲದಿದ್ದರೆ ಒಂದು ತಪ್ಪಿಗೆ 100 ಡಾಲರ್‌ವರೆಗೆ. 14 ದಿನ ಮೊದಲು ನೋಟಿಸ್ ಕೊಡಬೇಕು. ಎಚ್‌ಓಎ ಆಡಳಿತ ಮಂಡಳಿಗೆ ಸೇರದ ಕನಿಷ್ಠ 3 ನಿವಾಸಿಗಳ ಸಮಿತಿ ಒಪ್ಪಬೇಕು. ಆ ಸಮಿತಿಯಲ್ಲಿ ನಾನು ಎರಡು ವರ್ಷ ಕೂತಿದ್ದೆ. ಈ ದಂಡದಿಂದ ಲೈಸೆನ್ಸಿಗೆ ಪಾಯಿಂಟ್ (ತಪ್ಪಿನ ಅಂಕ) ಬೀಳುವುದಿಲ್ಲ, ಹಾಗಾಗಿ ಕೆಲವರು ಕಟ್ಟಿ ಮತ್ತೆ ಹಾಗೇ ಓಡಿಸುತ್ತಾರೆ. ಕೊನೆಗೆ ಕೌಂಟಿ ಜೊತೆ ಒಪ್ಪಂದ ಮಾಡಿಕೊಂಡೆವು. ವಾರದಲ್ಲಿ ಕೆಲವು ಗಂಟೆ ಡೆಪ್ಯುಟಿ ಬರುತ್ತಾರೆ. ಅವರು ಬರೆಯುವುದು ನಿಜವಾದ ಟಿಕೆಟ್. ಮನೆಗೆ ತಿಂಗಳಿಗೆ ಸ್ವಲ್ಪ ಫೀಸ್ ಏರಿತು. ಸಭೆಯಲ್ಲಿ ಜಗಳವೂ ಆಯಿತು. ಆಗಲಿ, ಆ ದುಡ್ಡಿಗೆ ನನಗೆ ಬೇಜಾರಿಲ್ಲ.

ನೀವು ಬಾಡಿಗೆಗೆ ಇರುವುದರಿಂದ ಸಭೆಯಲ್ಲಿ ಮಾತಾಡುವ ಹಕ್ಕು ಮನೆ ಮಾಲೀಕರದ್ದು. ಅವರಿಗೆ ಮೇಲ್ ಹಾಕಿ. ಯಾವ ತಿರುವು, ಎಷ್ಟು ಹೊತ್ತಿಗೆ, ಯಾವ ದಿನ, ಎರಡು ವಾರ ಬರೆದಿಟ್ಟುಕೊಂಡು ಹಾಕಿ. "ಎಲ್ಲರೂ ಜೋರಾಗಿ ಓಡಿಸ್ತಾರೆ" ಅಂತ ಸುಮ್ನೆ ಬರೆದರೆ ಯಾರೂ ಓದುವುದಿಲ್ಲ. ಕೌಂಟಿ ಜೊತೆ ಒಪ್ಪಂದ ಇದೆಯಾ, ಇಲ್ಲದಿದ್ದರೆ ಮುಂದಿನ ಸಭೆಯಲ್ಲಿ ಆ ವಿಷಯ ಇಡುತ್ತೀರಾ ಅಂತ ನೇರವಾಗಿ ಕೇಳಿ. ಯಾರ ಗಾಡಿಗೂ ಅಡ್ಡ ನಿಂತು ಜಗಳ ಮಾಡಬೇಡಿ.

ನಿಮ್ಮ ಬಡಾವಣೆಯೊಳಗೆ ಸ್ಕೂಲ್ ಬಸ್ ಬರುವುದಿಲ್ಲ ಅಂದಿರಿ. ಹಾಗಾದರೆ ಗೇಟಿನವರೆಗೆ ಮಗಳ ಕೈ ಹಿಡಿದೇ ಹೋಗಿ. ಪ್ರತಿ ತಿರುವಿನಲ್ಲಿ ನಿಂತು ಎಡ, ಬಲ, ಮತ್ತೆ ಎಡ ಅಂತ ಅವಳ ಬಾಯಲ್ಲೇ ಹೇಳಿಸಿ. ನಿಮ್ಮ ಅಪ್ಪ ಅಮ್ಮ ಬರುತ್ತಿದ್ದಾರೆ ಅಂತಲೂ ಬರೆದಿದ್ದೀರಿ. ಅವರಿಗೂ ಮೊದಲ ದಿನವೇ ಇದನ್ನು ಹೇಳಿಕೊಡಿ. ಮೇಲ್ ಬರೆದ ಮೇಲೆ ಕಳಿಸುವ ಮೊದಲು ನನಗೆ ತೋರಿಸಿ, ಓದಿ ಹೇಳುತ್ತೇನೆ.