ಹಬ್ಬದ ಮರುದಿನದ ಕುಸ್ವಾರ್ ಡಬ್ಬಿ: ಸಂಪಾದಕರ ಉತ್ತರ

ಕಲ್ಯಾಣಪುರದ ಓದುಗರೊಬ್ಬರ ಪತ್ರದ ಸಾರ ಇಷ್ಟು. ಡಿಸೆಂಬರ್ 20ರ ಹೊತ್ತಿಗೆ ಮಾಡಿಟ್ಟ ಕುಸ್ವಾರ್ (ಕ್ರಿಸ್ಮಸ್‌ನ ಬಗೆಬಗೆಯ ತಿಂಡಿ) ಹಬ್ಬ ಕಳೆಯುವಷ್ಟರಲ್ಲೇ ಸೋತುಹೋಗುತ್ತಿದೆ. ಅಚ್ಚಿನಲ್ಲಿ ಕರಿದ ಹೂವಿನಾಕಾರದ ಕೊಕ್ಕಿಸಾಂ ಮೆತ್ತಗಾಗುತ್ತದೆ, ಸುರುಳಿ ಸುತ್ತಿ ಕರಿದ ಸಿಹಿ ಕಿಡಿಯೊ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಕರ್ಜಿಕಾಯಿಯಂಥ ನೆವ್ರ್ಯೊ ಕಚ್ಚಿದರೆ ಸಾಬೂನಿನ ರುಚಿ. ಉಳಿದ ದುಕ್ರಾಮಾಸ್ (ಹಂದಿಮಾಂಸದ ಸಾರು) ಎಷ್ಟು ದಿನ ಇಡಬಹುದು, ನೆರೆಯ ಸಸ್ಯಾಹಾರಿ ಮನೆಗಳಿಗೆ ಏನು ಕಳಿಸಬಹುದು, ಗೋದಲಿಯನ್ನು (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಹೊಸ ವರ್ಷದ ದಿನವೇ ತೆಗೆದರೆ ತಪ್ಪೇ ಎಂದೂ ಕೇಳಿದ್ದಾರೆ.

ಪ್ರೀತಿಯ ಓದುಗರೇ, ಕೊನೆಯ ಪ್ರಶ್ನೆಯ ಉತ್ತರದಲ್ಲೇ ಉಳಿದವಕ್ಕೂ ದಾರಿ ಇದೆ. ಚರ್ಚಿನ ಲೆಕ್ಕದಲ್ಲಿ ಕ್ರಿಸ್ಮಸ್ ಕಾಲ ಶುರುವಾಗುವುದು 24ರ ಸಂಜೆ. 26ಕ್ಕೆ ಸಂತ ಸ್ಟೀಫನ್, 27ಕ್ಕೆ ಪ್ರೇಷಿತ ಯೊವಾನ್ನ, 28ಕ್ಕೆ ಹೆರೋದ ರಾಜನ ಕತ್ತಿಗೆ ಬಲಿಯಾದ ಮಕ್ಕಳ ಸ್ಮರಣೆ. ಆಮೇಲೆ ಶಿಶು ಯೇಸುವನ್ನು ಕಾಣಲು ಬಂದ ಮೂವರು ರಾಯರ ಹಬ್ಬ. ಕೊನೆಗೆ ಯೇಸುವಿನ ದೀಕ್ಷಾಸ್ನಾನದ ಹಬ್ಬಕ್ಕೆ ಮುಕ್ತಾಯ. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದಲ್ಲಿ ಮದುವೆಗಳನ್ನು ಇಟ್ಟುಕೊಳ್ಳದ ರೂಢಿಯಿಂದಾಗಿ ರೋಸ್ (ಮದುವೆಗೆ ಮುನ್ನ ತೆಂಗಿನ ಹಾಲು ಹಚ್ಚುವ ಶಾಸ್ತ್ರ), ಮದುವೆ ಎಲ್ಲ ಈ ವಾರಗಳಲ್ಲೇ ಒತ್ತರಿಸಿ ಬರುತ್ತವೆ. ಮುಂಬೈ, ಗಲ್ಫ್‌ನವರು ಮನೆಯಲ್ಲಿರುವುದೂ ಆಗಲೇ. ಕುಸ್ವಾರ್ ಬೇಕಾಗುವುದು ಹಬ್ಬದ ನಂತರವೇ ಹೆಚ್ಚು. ಜನವರಿ ಮೊದಲ ವಾರದವರೆಗೆ ಬಾಳುವ ಹಾಗೆ ಅದನ್ನು ಮಾಡಬೇಕು, ಬೇಗ ಕೆಡುವುದನ್ನು ಮೊದಲು ಹಂಚಿ ಮುಗಿಸಬೇಕು.

ನಿಮ್ಮ ಡಬ್ಬಿಯಲ್ಲಿ ಏನಾಗಿದೆ ಎಂದು ಊಹಿಸುವುದು ಕಷ್ಟವಲ್ಲ: ಎಲ್ಲವನ್ನೂ ಒಟ್ಟಿಗೆ ತುಂಬಿದ್ದೀರಿ. ಮುಚ್ಚಿದ ಡಬ್ಬಿಯೊಳಗೆ ತೇವ ಹೆಚ್ಚಿರುವ ತಿಂಡಿಯಿಂದ ಒಣ ತಿಂಡಿಗೆ ತೇವ ಹರಿಯುತ್ತಲೇ ಇರುತ್ತದೆ. ಕಾಯಿ ಹೂರಣದ ನೆವ್ರ್ಯೊ ತೇವ ಬಿಡುತ್ತದೆ. ತೆಳ್ಳಗಿನ ಕೊಕ್ಕಿಸಾಂ, ಚಕ್ಕುಲಿ, ಶಂಕರಪೋಳಿಯಂಥ ತುಕ್ಡಿ ಅದನ್ನು ಹೀರುತ್ತವೆ. ಕಿಡಿಯೊ ಮೇಲಿನ ಸಕ್ಕರೆಯೂ ಅದೇ ತೇವಕ್ಕೆ ಕರಗುತ್ತದೆ. ಆದ್ದರಿಂದ ಕನಿಷ್ಠ ಮೂರು ಡಬ್ಬಿ ಬೇಕು. ಒಂದರಲ್ಲಿ ಸಕ್ಕರೆ ಹತ್ತಿಸದ ಗರಿ ತಿಂಡಿ, ಒಂದರಲ್ಲಿ ಪಾಕ ಹತ್ತಿಸಿದ ಕಿಡಿಯೊ, ಗುಳಿಯೊ (ಗೋಲಿಯಂತೆ ಉಂಡೆ ಮಾಡಿ ಕರಿದದ್ದು), ಇನ್ನೊಂದರಲ್ಲಿ ನೆವ್ರ್ಯೊ. ಪೆರಾಡ್ (ಪೇರಳೆ ಹಣ್ಣಿನ ಮಿಠಾಯಿ) ಮತ್ತು ಕೇಕ್ ಇವುಗಳ ಹತ್ತಿರವೂ ಬರಬಾರದು.

ಎರಡನೆಯ ಕಾರಣ ಬಿಸಿ. ಎಣ್ಣೆಯಿಂದ ತೆಗೆದ ತಿಂಡಿ ಮುಟ್ಟಲು ತಣ್ಣಗಿದ್ದರೂ ಒಳಗೆ ಆವಿ ಇರುತ್ತದೆ. ಬಟ್ಟೆಯ ಮೇಲೆ ಒಂದೇ ಪದರವಾಗಿ ಹರಡಿ, ಫ್ಯಾನಿನ ಕೆಳಗೆ ಮೂರು ನಾಲ್ಕು ಗಂಟೆ ಬಿಡಿ. ನಮ್ಮ ಕರಾವಳಿಯಲ್ಲಿ ಡಿಸೆಂಬರ್‌ನಲ್ಲೂ ಮುಂಜಾನೆ ಇಬ್ಬನಿ ಬೀಳುತ್ತದೆ. ಡಬ್ಬಿ ತುಂಬುವುದು, ತೆರೆದು ವಿಂಗಡಿಸುವುದು ಏನಿದ್ದರೂ ಬೆಳಿಗ್ಗೆ ಹತ್ತರ ನಂತರ, ಬಿಸಿಲೇರಿದ ಮೇಲೆ. ದಿನವೂ ತೆಗೆಯುವುದಕ್ಕೆ ಒಂದು ಸಣ್ಣ ಡಬ್ಬಿ ಬೇರೆ ಇರಲಿ, ದೊಡ್ಡದನ್ನು ಪದೇಪದೇ ತೆರೆಯಬೇಡಿ.

ಸಾಬೂನಿನ ರುಚಿ ಹಿಡಿದ ನೆವ್ರ್ಯೊವನ್ನು ಮಾತ್ರ ಉಳಿಸಲಾಗದು, ಎಸೆಯಿರಿ. ತೆಂಗಿನಕಾಯಿಯ ಕೊಬ್ಬಿನಲ್ಲಿ ಲಾರಿಕ್ ಆಮ್ಲ ಹೆಚ್ಚು. ತೇವ ಉಳಿದರೆ ಆ ಕೊಬ್ಬು ಒಡೆದು ಆಮ್ಲ ಬೇರ್ಪಡುತ್ತದೆ, ನಾಲಿಗೆಗೆ ಸಾಬೂನು ಎನಿಸುವುದು ಅದೇ. ಎಣ್ಣೆ ಹಳತಾಗಿ ಬರುವ ಕಮಟು ಬೇರೆ, ಇದು ಬೇರೆ. ಹಸಿ ತೆಂಗಿನ ತುರಿ ಹಾಕುವುದಾದರೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಗೆ 20ರಿಂದ 25 ನಿಮಿಷ, ಕೈಯಲ್ಲಿ ಹಿಸುಕಿದರೆ ಚರಚರ ಎನ್ನುವವರೆಗೆ ಹುರಿಯಬೇಕು. ಕೊಬ್ಬರಿಯಾದರೆ ಇನ್ನೂ ಒಳ್ಳೆಯದು. ಅರ್ಧ ಕಿಲೋ ಮೈದಾದ ಹಿಟ್ಟಿಗೆ 200 ಗ್ರಾಂ ಬಿಳಿ ಎಳ್ಳು, 150 ಗ್ರಾಂ ಕೊಬ್ಬರಿ ತುರಿ, 250 ಗ್ರಾಂ ಪುಡಿ ಸಕ್ಕರೆ, ತಲಾ 50 ಗ್ರಾಂ ಗೋಡಂಬಿ, ದ್ರಾಕ್ಷಿ, ಎಂಟು ಏಲಕ್ಕಿ ಸಾಕು. ದ್ರಾಕ್ಷಿಯನ್ನು ಮರೆಯುವವರೇ ಹೆಚ್ಚು. ಅದರಲ್ಲೂ ನೀರಿದೆ, ತುಪ್ಪದಲ್ಲಿ ಉಬ್ಬುವಂತೆ ಹುರಿದು ಆರಿಸಿ. ಹೂರಣ ಪೂರ್ತಿ ತಣಿದ ಮೇಲೆಯೇ ಸಕ್ಕರೆ ಬೆರೆಸಿ, ಬಿಸಿಯಲ್ಲಿ ಬೆರೆಸಿದರೆ ಕರಗಿ ಅಂಚು ಬಿರಿದು ಎಣ್ಣೆಯಲ್ಲಿ ಕರಿಯಾಗುತ್ತದೆ.

ಕೊಕ್ಕಿಸಾಂ ಮೆತ್ತಗಾಗಿದ್ದರೆ ಹೆದರಬೇಡಿ. ಓವನ್ ಇದ್ದರೆ 120 ಡಿಗ್ರಿಯಲ್ಲಿ ಎಂಟು ಹತ್ತು ನಿಮಿಷ. ಇಲ್ಲದಿದ್ದರೆ ಕಬ್ಬಿಣದ ಕಾವಲಿಯನ್ನು ಸಣ್ಣ ಉರಿಯಲ್ಲಿಟ್ಟು, ಮುಚ್ಚದೆ, ಮಗುಚುತ್ತಾ ಬಿಸಿ ಮಾಡಿ. ತೆಗೆದ ತಕ್ಷಣ ಮೆತ್ತಗೇ ಇರುತ್ತದೆ, ಆರಿದ ಮೇಲೆ ಗರಿ ಬರುತ್ತದೆ. ಹೆಚ್ಚು ಹೊತ್ತು ಇಟ್ಟರೆ ಒಳಗಿನ ತೆಂಗಿನ ಹಾಲು ಕಂದಿ ಕಹಿಯಾಗುತ್ತದೆ. ಅಂಟಿದ ಕಿಡಿಯೊಗೆ ಕಾರಣ ಎಳೆಯ ಪಾಕ. ಒಂದೆಳೆಯಲ್ಲಿ ನಿಲ್ಲಿಸದೆ, ಹನಿ ತಣ್ಣೀರಿಗೆ ಬಿದ್ದರೆ ಉಂಡೆಯಾಗುವವರೆಗೆ ಕುದಿಸಿ, ಒಲೆಯಿಂದ ಇಳಿಸಿ, ಸಕ್ಕರೆ ಬೆಳ್ಳಗೆ ಒಣಗುವ ತನಕ ಮಗುಚುತ್ತಲೇ ಇರಬೇಕು.

ಇನ್ನು ಹಂಚುವ ಕ್ರಮ. ಹಸಿ ಕಾಯಿಯ ನೆವ್ರ್ಯೊ 26, 27ರೊಳಗೆ ಮನೆಯಿಂದ ಹೊರಡಲಿ. ಅದರ ಹಿಂದೆ ಕೊಕ್ಕಿಸಾಂ, ಗುಳಿಯೊ. ಚಕ್ಕುಲಿ, ತುಕ್ಡಿ, ಕಿಡಿಯೊ ಹೊಸ ವರ್ಷ ದಾಟುತ್ತವೆ. ಪೆರಾಡ್ ಅದರ ಸಕ್ಕರೆಯ ಬಲದಿಂದ ಎಲ್ಲಕ್ಕಿಂತ ಹೆಚ್ಚು ಬಾಳುತ್ತದೆ. ಬೆವರಿದರೆ ಪ್ಲಾಸ್ಟಿಕ್ ತೆಗೆದು ಬಟರ್ ಪೇಪರಿನಲ್ಲಿ ಸುತ್ತಿ. ಮುಂಬೈ, ಗಲ್ಫಿಗೆ ಮರಳುವವರ ಪೆಟ್ಟಿಗೆಗೆ ಪೆರಾಡ್ ಮತ್ತು ಕಿಡಿಯೊವೇ ಸರಿ, ಕೊಕ್ಕಿಸಾಂ ಪುಡಿಯಾಗುತ್ತದೆ. ಕೇಕನ್ನು ತುದಿಯಿಂದ ಕತ್ತರಿಸದೆ ನಡುವಿನಿಂದ ಹೋಳು ತೆಗೆದು, ಉಳಿದ ಎರಡು ಭಾಗವನ್ನು ಒಂದಕ್ಕೊಂದು ಒತ್ತಿಟ್ಟರೆ ಕತ್ತರಿಸಿದ ಮೈ ಒಣಗುವುದಿಲ್ಲ.

ಸಸ್ಯಾಹಾರಿ ನೆರೆಮನೆಯ ತಟ್ಟೆಯ ಬಗ್ಗೆ ನೀವು ಕೇಳಿದ್ದು ನನಗೆ ಬಹಳ ಇಷ್ಟವಾಯಿತು. ಕೊಕ್ಕಿಸಾಂ, ಮ್ಯಾಕರೂನ್, ಕೇಕಿನಲ್ಲಿ ಮೊಟ್ಟೆ ಇರುತ್ತದೆ. ಅನೇಕ ಮನೆಗಳಲ್ಲಿ ಕಿಡಿಯೊ, ಗುಳಿಯೊ ಹಿಟ್ಟಿಗೂ ಹಾಕುತ್ತಾರೆ. ನೆವ್ರ್ಯೊ, ಎಳ್ಳಿನ ಲಾಡು, ಚಕ್ಕುಲಿ, ಪೆರಾಡ್ ಮೊಟ್ಟೆಯಿಲ್ಲದವು. ಆದರೆ ಕರಿದ ಎಣ್ಣೆಯೂ ಬೇರೆಯಾಗಿರಬೇಕು. ಮೊದಲ ದಿನ ಹೊಸ ಎಣ್ಣೆಯಲ್ಲಿ ಇವನ್ನೇ ಕರಿದುಕೊಂಡು, ಆಮೇಲೆ ಅದೇ ಎಣ್ಣೆಯಲ್ಲಿ ಮೊಟ್ಟೆಯ ತಿಂಡಿಗೆ ಕೈ ಹಾಕಿದರೆ ಯಾರಿಗೂ ಸಂಕೋಚವಿರದು. ತಟ್ಟೆ ಕೊಡುವಾಗ ಮೊಟ್ಟೆ ಇಲ್ಲವೆಂದು ಬಾಯಿಬಿಟ್ಟು ಹೇಳಿ. ಅವರಾಗಿ ಕೇಳಲು ಹಿಂಜರಿಯುತ್ತಾರೆ, ತಿಂಡಿ ಹಾಗೇ ಉಳಿಯುತ್ತದೆ.

ದುಕ್ರಾಮಾಸ್ ಮರುದಿನ ರುಚಿ ಹೆಚ್ಚು ಎಂಬುದು ನಿಜ. ಬಾಫತ್ ಮಸಾಲೆ, ಹುಳಿ ಎರಡೂ ಮಾಂಸಕ್ಕೆ ಇಳಿಯಲು ಸಮಯ ಬೇಕು. ಅಪಾಯ ಇರುವುದು ದೊಡ್ಡ ಪಾತ್ರೆಯಲ್ಲಿ. ಅಷ್ಟು ಮಾಂಸ ತಣಿಯಲು ರಾತ್ರಿಯೆಲ್ಲ ಬೇಕಾಗುತ್ತದೆ. ಕುದಿಸಿದರೂ ಸಾಯದ ಕೆಲವು ಬ್ಯಾಕ್ಟೀರಿಯಾ ಬೀಜಾಣುಗಳು ಆ ಉಗುರುಬಿಸಿಯಲ್ಲೇ ಮೊಳೆಯುತ್ತವೆ. ಊಟ ಮುಗಿದ ಎರಡು ಗಂಟೆಯೊಳಗೆ ಸಣ್ಣ ಪಾತ್ರೆಗಳಿಗೆ ಹಂಚಿ ಫ್ರಿಜ್ಜಿಗೆ ಸೇರಿಸಿ, ಪ್ರತಿ ಸಲ ಬೇಕಾದಷ್ಟನ್ನೇ ತೆಗೆದು ಕೊತಕೊತ ಕುದಿಸಿ. ನಾಲ್ಕು ದಿನದೊಳಗೆ ಮುಗಿಯದು ಎನಿಸಿದರೆ ಮೊದಲ ದಿನವೇ ಫ್ರೀಜರಿಗೆ ಹಾಕಿ. ಹುಳಿ ಇರುವುದರಿಂದ ಅಲ್ಯೂಮಿನಿಯಂ ಪಾತ್ರೆ ಬೇಡ. ಉಳಿದ ಸಾನ್ನಾಂ (ಇಡ್ಲಿಯಂಥ ತಿಂಡಿ) ಐದು ನಿಮಿಷ ಹಬೆಯಲ್ಲಿಟ್ಟರೆ ಮತ್ತೆ ಮೆತ್ತಗಾಗುತ್ತದೆ.

ಗೋದಲಿಯನ್ನು ಮೂವರು ರಾಯರ ಹಬ್ಬದವರೆಗಾದರೂ ಇಡಿ. ಹಬ್ಬ ಜನವರಿ 6ರದ್ದು. ನಮ್ಮಲ್ಲಿ ಅದರ ಹತ್ತಿರದ ಭಾನುವಾರ ಆಚರಿಸುತ್ತಾರೆ. ಮಕ್ಕಳಿಗೆ ಬೇಸರ ಬಂದಿದ್ದರೆ ರಾಯರ ಮೂರ್ತಿಗಳನ್ನು ಕೋಣೆಯ ಇನ್ನೊಂದು ಮೂಲೆಯಲ್ಲಿಟ್ಟು, ದಿನಕ್ಕೊಂದು ಗೇಣು ಮುಂದೆ ತರಲು ಅವರಿಗೇ ಬಿಡಿ. ಆದರೆ ಬೈಹುಲ್ಲು ಆಗಲೇ ಗರಿಗರಿ ಒಣಗಿರುತ್ತದೆ. ಸೀರಿಯಲ್ ಲೈಟಿನ ವಯರು ಅದಕ್ಕೆ ತಾಗದಂತೆ ಎತ್ತಿ ಕಟ್ಟಿ, ಮಲಗುವಾಗ ಪ್ಲಗ್ ಕೀಳಿ. ರಾಗಿ ಮೊಳಕೆಯ ಹುಲ್ಲು ಹಳದಿಯಾಗಿದ್ದರೆ ತೆಗೆದುಬಿಡಿ, ಬುಡದ ಮಣ್ಣಿನಲ್ಲಿ ಬೂಸ್ಟು ಬಂದಿರುತ್ತದೆ. ಕಾಗದದ ನಕ್ಷತ್ರವನ್ನು ಮಾಡಿನ ಅಂಚಿನಿಂದ ಒಂದಡಿ ಒಳಗೆ ಸರಿಸಿದರೆ ಇಬ್ಬನಿಗೆ ಅಂಟು ಬಿಡುವುದಿಲ್ಲ.

ಪ್ಲಾಸ್ಟರಿನ ಮೂರ್ತಿಗಳನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಒಣ ಬ್ರಷ್ ಸಾಕು. ಒಂದೊಂದನ್ನೂ ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಮಳೆಗಾಲದಲ್ಲಿ ಒಳಗೇ ಬೆವರಿ ಬಣ್ಣ ಏಳುತ್ತದೆ. ಹೆಂಚಿನ ಮನೆಯಾದರೆ ಪೆಟ್ಟಿಗೆ ಅಟ್ಟಕ್ಕೆ ಬೇಡ, ಕಪಾಟಿನ ಮೇಲಿನ ತಟ್ಟಿನಲ್ಲಿರಲಿ. ಹುಲ್ಲಿನ ಒಂದು ಎಳೆಯೂ ಅದರೊಳಗೆ ಹೋಗದಿರಲಿ, ಇಲಿ ಬರುವುದು ಅದಕ್ಕೇ.