ಕ್ಲಚ್ ಪೆಡಲ್ ನೆಲಕ್ಕಿಳಿದರೆ ಪ್ಲೇಟ್ ಹೋಗಿದೆ ಅಂತಲೇನಾ?

ಸೇಡಂನಿಂದ ದಿನಾ ಕಲಬುರಗಿಗೆ ಓಡಾಡುವ ನೀವು ಕೇಳಿದ್ದು ಇಷ್ಟು: ಬೆಳಿಗ್ಗೆ ಕ್ಲಚ್ ಪೆಡಲ್ ನೆಲಕ್ಕೆ ಹೋಗುತ್ತದೆ, ನಾಲ್ಕೈದು ಸಲ ಪಂಪ್ ಮಾಡಿದರೆ ಗೇರ್ ಬೀಳುತ್ತದೆ, ಗ್ಯಾರೇಜಿನವರು ಪ್ಲೇಟ್ ಬದಲಿಸಿ ಅನ್ನುತ್ತಾರೆ, ಬದಲಿಸಲಾ?

ಸದ್ಯಕ್ಕೆ ಬೇಡ. ಇಂಜಿನ್ ಎಳೆತವನ್ನು ಗೇರ್‌ಬಾಕ್ಸಿಗೆ ದಾಟಿಸುವ ಈ ಪ್ಲೇಟ್ ಸವೆದರೆ ಕಾಣುವ ಲಕ್ಷಣವೇ ಬೇರೆ. ಗೇರ್ ಸಲೀಸಾಗಿ ಬೀಳುತ್ತದೆ, ಆದರೆ ಎಕ್ಸಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತದೆಯೇ ಹೊರತು ಗಾಡಿ ಎಳೆಯುವುದಿಲ್ಲ. ಏರು ಬಂದರೆ ಸುಟ್ಟ ವಾಸನೆ. ನಿಮ್ಮದು ಇದರ ಉಲ್ಟಾ. ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಅದಕ್ಕೇ ಗೇರ್ ಬೀಳುತ್ತಿಲ್ಲ. ಇಂಥ ಕ್ಲಚ್ಚಿನಲ್ಲಿ ಪೆಡಲ್ ಒತ್ತಿದ್ದು ಪೈಪಿನೊಳಗಿನ ಎಣ್ಣೆಯ (ಬ್ರೇಕ್ ಆಯಿಲ್) ಒತ್ತಡದಿಂದ ಕ್ಲಚ್ಚಿಗೆ ಮುಟ್ಟುತ್ತದೆ. ಪಂಪ್ ಮಾಡಿದರೆ ಸರಿಹೋಗುತ್ತದೆ ಅಂದರೆ ಹೆಚ್ಚಾಗಿ ಆ ಎಣ್ಣೆ ಎಲ್ಲೋ ಸೋರಿ ಪೈಪ್ ಲೈನಿಗೆ ಹವಾ ಸೇರಿದೆ, ಇಲ್ಲವೇ ಅಪ್ಪರ್ ಒಳಗಿನ ಸೀಲ್ ಸೋತಿದೆ. ನಮ್ಮ ಮಿಸ್ತ್ರಿಗಳು ಪೆಡಲ್ ಕಡೆಯ ಸಿಲಿಂಡರಿಗೆ ಅಪ್ಪರ್, ಗೇರ್‌ಬಾಕ್ಸ್ ಕಡೆಯದಕ್ಕೆ ಲೋವರ್ ಅನ್ನುತ್ತಾರೆ ಅಲ್ವಾ, ಅದೇ.

ನನಗೂ ಇದೇ ಆಗಿತ್ತು. ಎರಡು ವರ್ಷದ ಹಿಂದೆ, ಮೇ ತಿಂಗಳ ಬಿಸಿಲಲ್ಲಿ ಹುಮನಾಬಾದಿನಿಂದ ಬರುವಾಗ ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕೊಳ್ಳಲು ನಿಲ್ಲಿಸಿದೆ. ಹಣ್ಣು ಸಿಕ್ಕಿತು, ಗೇರ್ ಸಿಗಲಿಲ್ಲ. ಪೆಡಲ್ ಕುಟ್ಟಿ ಕುಟ್ಟಿ ಹೇಗೋ ಊರು ಸೇರಿದೆ. ಮರುದಿನ ಒಂದು ಗ್ಯಾರೇಜಿನಲ್ಲಿ ಪೆಡಲ್ ಒಮ್ಮೆ ತುಳಿದವರೇ "ಪ್ಲೇಟ್ ಹೋಗ್ಯಾವ್ರಿ" ಅಂದುಬಿಟ್ಟರು. ಬಾನೆಟ್ ಕೂಡ ತೆಗೆಯಲಿಲ್ಲ. ಆಮೇಲೆ ನಮ್ಮ ಕಾಕಾ ಟ್ರ್ಯಾಕ್ಟರ್ ತೋರಿಸುವ ಹಳೆ ಮಿಸ್ತ್ರಿಗೆ ಫೋನ್ ಮಾಡಿದೆ. ಅವರು ಕೇಳಿದ ಮೊದಲ ಮಾತು: "ಗಾಡಿ ರಾತ್ರಿ ಎಲ್ಲಿ ನಿಲ್ಲಸ್ತೀರಿ ಸಾಹೇಬ್ರ? ಅಲ್ಲಿ ಫರ್ಸಿ ನೋಡೀರೇನು?"

ನೋಡಿರಲಿಲ್ಲ. ನಮ್ಮ ಮನೆ ಮುಂದೆ ಶಹಾಬಾದ್ ಕಲ್ಲು ಹಾಸಿದೆ. ಅದರ ಮೇಲೆ ಅಂಗೈಯಷ್ಟು ಕಲೆ. ದಿನಾ ಕಾಣುತ್ತಿತ್ತು, ಎಸಿ ನೀರು ಅಂದುಕೊಂಡು ಸುಮ್ನೆ ಇದ್ದೆ. ಎಸಿ ನೀರು ನಮ್ಮ ಬಿಸಿಲಿಗೆ ಅರ್ಧ ಗಂಟೆ ಉಳಿಯುವುದಿಲ್ಲ. ಇದು ಮಧ್ಯಾಹ್ನವೂ ಹಾಗೇ ಇತ್ತು. ಮುಟ್ಟಿದರೆ ಜಾರು ಜಾರು, ತೆಳು, ತುಸು ಹಳದಿ. ಅಂದರೆ ಕ್ಲಚ್ಚಿನ ಬ್ರೇಕ್ ಆಯಿಲ್. ಗೇರ್ ಆಯಿಲ್ ಆಗಿದ್ದರೆ ದಪ್ಪವಿದ್ದು ಕೆಟ್ಟ ಗಂಧಕದ ವಾಸನೆ ಹೊಡೆಯುತ್ತಿತ್ತು.

ಹನಿ ಬಿದ್ದ ಜಾಗದ ಮೇಲೆಯೇ ಲೀಕ್ ಇದೆ ಅಂದುಕೊಳ್ಳಬೇಡಿ. ಎಣ್ಣೆ ಪೈಪಿನ ಗುಂಟ ಹರಿದು ಎಲ್ಲೋ ತೊಟ್ಟಿಕ್ಕುತ್ತದೆ. ಮಿಸ್ತ್ರಿ ಗಾಡಿ ಎತ್ತಿಸಿ, ಭದ್ರವಾಗಿ ಸ್ಟ್ಯಾಂಡ್ ಕೊಟ್ಟು, ಲೈನ್ ಪೂರ್ತಿ ಒಣ ಬಟ್ಟೆಯಲ್ಲಿ ಒರೆಸಿದರು. ಅವರ ಹುಡುಗ ಪೆಡಲ್ ಒತ್ತಿ ಹಿಡಿದ. ಕಬ್ಬಿಣದ ಪೈಪಿಗೆ ರಬ್ಬರ್ ಹೋಸ್ ಕೂಡುವಲ್ಲಿ ಒಂದು ಲೋಹದ ಕಾಲರ್ ಇರುತ್ತದೆ. ಅದರ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಹನಿ ಮೂಡಿತು. ಪೆಡಲ್ ಬಿಟ್ಟರೆ ನಿಂತಿತು. ಒತ್ತಿದರೆ ಮತ್ತೆ ಬಂತು. ಒತ್ತಡ ಇದ್ದಾಗ ಮಾತ್ರ ಸೋರುವ ಇಂಥ ಲೀಕಿನ ಮೂಲ ಗಾಡಿ ಸುಮ್ನೆ ನಿಂತಾಗ ನೋಡಿದರೆ ಸಿಗುವುದೇ ಇಲ್ಲ.

ನೀವು ಮೂರು ಕಡೆ ನೋಡಿ. ಪೆಡಲ್ ಮೇಲೆ ಅಪ್ಪರಿನ ರಾಡ್ ಒಳಬರುವ ಜಾಗಕ್ಕೆ ಕೈ ಹಾಕಿ. ಒದ್ದೆ ಇದ್ದರೆ ಅಪ್ಪರ್ ಹೋಗಿದೆ. ನಡುವಿನ ಪೈಪು, ಹೋಸು, ಜಾಯಿಂಟು. ಕೊನೆಗೆ ಲೋವರ್. ಅದು ಗೇರ್‌ಬಾಕ್ಸ್ ಹೊರಗಿದ್ದರೆ ಅದರ ರಬ್ಬರ್ ಟೋಪಿ ಸರಿಸಿ ನೋಡಿದರೆ ಸಾಕು. ಕೆಲವು ಗಾಡಿಗಳಲ್ಲಿ ಲೋವರ್ ಗೇರ್‌ಬಾಕ್ಸ್ ಒಳಗೇ ಇರುತ್ತದೆ. ಇಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವಲ್ಲಿ ಬ್ರೇಕ್ ಆಯಿಲ್ ಹನಿಯುತ್ತಿದ್ದರೆ ಅದರದ್ದೇ ಕೆಲಸ ಇರಬಹುದು. ಆಗ ಗೇರ್‌ಬಾಕ್ಸ್ ಇಳಿಸಲೇಬೇಕು. ಅಂಥ ಹೊತ್ತಿನಲ್ಲಿ ಪ್ಲೇಟನ್ನೂ ನೋಡಿಸಿ, ಸವೆದಿದ್ದರೆ ಅಥವಾ ಎಣ್ಣೆ ಕುಡಿದಿದ್ದರೆ ಬದಲಿಸಿ. ಇಳಿಸುವ ಮಜೂರಿ ಎರಡು ಸಲ ಕೊಡುವುದು ಯಾಕೆ?

ನನ್ನದಕ್ಕೆ ಹೊಸ ಹೋಸ್ ಬಿತ್ತು, ಅಷ್ಟೇ. ಎಂ-ಸೀಲ್ ಮೆತ್ತುವುದು, ಟೆಫ್ಲಾನ್ ಟೇಪ್ ಸುತ್ತುವುದು ಇಲ್ಲಿ ನಡೆಯುವುದಿಲ್ಲ. ಪೈಪಿನ ಜಾಯಿಂಟ್ ಎಣ್ಣೆ ತಡೆಯುವುದು ನಟ್ಟಿನ ಥ್ರೆಡ್ಡಿನಿಂದಲ್ಲ, ಅಗಲಿಸಿದ ಪೈಪಿನ ಬಾಯಿ ಒತ್ತಿ ಕೂರುವುದರಿಂದ. ತಾಮ್ರದ ವಾಷರ್ ಇದ್ದರೆ ಹೊಸದೇ ಹಾಕಿಸಿ. ಪೈಪಿನ ನಟ್ಟಿಗೆ ಬಾಯಿ ಸೀಳಿದ ರಿಂಗ್ ಪಾನಾ ಬೇಕು. ಸಾದಾ ಪಾನಾ ಹಾಕಿದರೆ ನಟ್ಟಿನ ಮೂಲೆ ಸವೆದು ಇನ್ನೊಂದು ರಗಳೆ.

ಆಮೇಲೆ ಹವಾ ತೆಗೆಯುವುದು. ಲೋವರಿನಲ್ಲಿ ಹವಾ ಬಿಡಲೆಂದೇ ಇರುವ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಇನ್ನೊಂದು ತುದಿ ತುಸು ಎಣ್ಣೆ ಇರುವ ಬಾಟಲಿಯಲ್ಲಿ ಮುಳುಗಿಸಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ನಿಪ್ಪಲ್ ಸಡಿಲಿಸಿ ಗುಳ್ಳೆ ಬಿಟ್ಟು ಬಿಗಿ ಮಾಡಬೇಕು, ಆಮೇಲಷ್ಟೇ ಪೆಡಲ್ ಬಿಡಬೇಕು. ಗುಳ್ಳೆ ನಿಲ್ಲುವತನಕ ಇದೇ. ಈ ಹೊತ್ತಿನಲ್ಲಿ ಬಾನೆಟ್ ಒಳಗಿನ ಎಣ್ಣೆ ಡಬ್ಬಿ ಖಾಲಿಯಾಗಲು ಬಿಡಬೇಡಿ. ಎಷ್ಟೋ ಗಾಡಿಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ. ಮುಚ್ಚಳದ ಮೇಲೆ ಡಾಟ್ 4 (ಬ್ರೇಕ್ ಆಯಿಲಿನ ಒಂದು ದರ್ಜೆ) ಅಂತಿದ್ದರೆ ಅದನ್ನೇ, ಆಗಷ್ಟೇ ಸೀಲ್ ಒಡೆದ ಹೊಸ ಬಾಟಲಿಯಿಂದಲೇ ಹಾಕಿಸಿ. ಈ ಎಣ್ಣೆ ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 4 ಹೊಸದಿದ್ದಾಗ ಕಡಿಮೆ ಅಂದರೂ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ತೇವ ಹೀರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಅರ್ಜೆಂಟಿಗೆ ಅಂತ ಇಂಜಿನ್ ಆಯಿಲ್ ಸುರಿಯಲೇಬೇಡಿ, ಸೀಲುಗಳೆಲ್ಲ ಉಬ್ಬಿ ಹಾಳಾಗುತ್ತವೆ. ಬ್ರೇಕ್ ಆಯಿಲ್ ಗಾಡಿಯ ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ.

ಡಬ್ಬಿಯಲ್ಲಿ ಎಣ್ಣೆ ಕಡಿಮೆಯಾಗಿಲ್ಲ, ಹೊರಗೆಲ್ಲೂ ಒದ್ದೆ ಇಲ್ಲ, ಆದರೂ ಒತ್ತಿ ಹಿಡಿದ ಪೆಡಲ್ ಮೆಲ್ಲಗೆ ಇಳಿಯುತ್ತದೆ ಅಂದರೆ ಅಪ್ಪರ್ ಒಳಗೇ ಎಣ್ಣೆ ಹಿಂದೆ ಸರಿಯುತ್ತಿರಬಹುದು. ಬ್ರೇಕ್ ಪೆಡಲ್ ಕೂಡ ಮೆತ್ತಗಾಗಿದ್ದರಂತೂ ಸೇಡಂ ರಸ್ತೆಗೆ ಗಾಡಿ ಇಳಿಸಲೇಬೇಡಿ, ಮಿಸ್ತ್ರಿಯನ್ನೇ ಮನೆಗೆ ಕರೆಸಿ.

ಇವತ್ತು ರಾತ್ರಿ ಗಾಡಿ ಕೆಳಗೆ ಒಂದು ಹಳೆ ಪೇಪರ್ ಹಾಸಿ. ಬೆಳಿಗ್ಗೆ ಎಲ್ಲಿ ಕಲೆ ಬಿದ್ದಿದೆ, ಪೆಡಲ್ ಕೆಳಗಿನ ಮ್ಯಾಟ್ ಒದ್ದೆ ಇದೆಯಾ, ಡಬ್ಬಿಯಲ್ಲಿ ಎಣ್ಣೆ ಎಷ್ಟಿದೆ, ಬರೆಯಿರಿ.