ಕ್ಯಾಮರಾದ ಮೇಲೆ ಬೈರಾಸು

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಅಡಿಕೆ ತೋಟದ ಮನೆ. ಮಗ ಎಂಟನೇ ತರಗತಿ. ತಂದೆ ಹನ್ನೊಂದು ವರ್ಷಗಳಿಂದ ದುಬೈಯ ಗೋದಾಮೊಂದರಲ್ಲಿ ಲೆಕ್ಕ ಬರೆಯುತ್ತಾರೆ. ವರ್ಷಕ್ಕೆ ಒಂದು ತಿಂಗಳು ಊರಿನಲ್ಲಿರುತ್ತಾರೆ. ತಾಯಿ ಕರ್ನಾಟಕದ ಪುತ್ತೂರಿನ ಕಡೆಯಿಂದ ಮದುವೆಯಾಗಿ ಬಂದವರು. ಮನೆಯಲ್ಲಿ ಆಡುವುದು ತುಳು, ಓದು ಬರಹ ಕನ್ನಡ. ಮಲಯಾಳ ಕೇಳಿದರೆ ತಾಯಿಗೆ ಅರ್ಥವಾಗುತ್ತದೆ, ಅಕ್ಷರ ಮಾತ್ರ ಬಾರದು. ಸಂಗತಿ ಹೊರಬಿದ್ದದ್ದು ಇದರಿಂದಲೇ.

ಮೊದಲ ಅವಧಿಯ ಓಣಂ ಪರೀಕ್ಷೆಯ ಅಂಕ ತಿಳಿಸಲು ಶುಕ್ರವಾರ ಮಧ್ಯಾಹ್ನ ಪೋಷಕರು ಬರಬೇಕೆಂದು ತರಗತಿಯ ವಾಟ್ಸಾಪ್ ಗುಂಪಿಗೆ ಮಲಯಾಳದಲ್ಲಿ ಸಂದೇಶ ಬಂದಿತ್ತು. ತಾಯಿ ಎಂದಿನಂತೆ ಮೊಬೈಲನ್ನು ಮಗನ ಕೈಗೆ ಕೊಟ್ಟು ಓದಿಸಿದರು. ಅವನು ತಡವರಿಸದೆ ಓದಿದ: "ಶುಕ್ರವಾರ ಮಧ್ಯಾಹ್ನದ ಮೇಲೆ ರಜೆ." ಮರುದಿನ ಶಿಕ್ಷಕಿ ಫೋನ್ ಮಾಡಿದಾಗ ನಿಜ ತಿಳಿಯಿತು. ಗಣಿತದಲ್ಲಿ 19 ಅಂಕ. ಎಂಟನೆಯಲ್ಲಿ ಪ್ರತಿ ವಿಷಯದ ಬರವಣಿಗೆಯ ಪರೀಕ್ಷೆಗೂ ಕನಿಷ್ಠ ಶೇಕಡಾ 30 ಬೇಕೆಂಬ ನಿಯಮ ಕೇರಳದಲ್ಲಿ 2024–25ರಿಂದ ಬಂದಿರುವುದರಿಂದ ಶಿಕ್ಷಕಿಗೂ ಚಿಂತೆ. ಆಪ್ತಸಮಾಲೋಚನೆ ಮಾಡುವ ನನ್ನ ಬಳಿಗೆ ಕಳಿಸಿದವರು ಅವರೇ.

"ಟೀಚರೇ, ಇವನಿಗೆ ಸುಳ್ಳು ಹೇಳುವ ಬುದ್ಧಿ ಎಲ್ಲಿಂದ ಬಂತೋ ಗೊತ್ತಿಲ್ಲ" ಎಂದು ತಾಯಿ ನನ್ನೆದುರು ಕಣ್ಣೊರೆಸಿಕೊಂಡರು. ಹುಡುಗ ತಲೆ ಎತ್ತದೆಯೇ ಹೇಳಿದ: "ಅಪ್ಪನಿಗೆ ಅಮ್ಮ 39 ಎಂದು ಹೇಳಿದ್ದಾರೆ."

ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಕಳೆದ ರಜೆಯಲ್ಲಿ ತಂದೆ ಮಗನ ಓದುವ ಮೇಜಿನ ಎದುರಿನ ಗೋಡೆಗೆ ಒಂದು ಕ್ಯಾಮರಾ ಹಾಕಿಸಿ ಹೋಗಿದ್ದರು. ಅದಕ್ಕೆ ಸ್ಪೀಕರ್ ಕೂಡ ಇದೆ. ಓದುತ್ತಾ ಕುಳಿತ ಹುಡುಗನಿಗೆ ಗೋಡೆಯಿಂದ ಧ್ವನಿ ಬರುತ್ತದೆ: "ನೆಟ್ಟಗೆ ಕುಳಿತುಕೋ. ಅದೇ ಪುಟದಲ್ಲಿ ಎಷ್ಟು ಹೊತ್ತು?" ಕೆಲಸ ಮುಗಿಸಿ ಕೋಣೆಗೆ ಬಂದ ಮೇಲೆ ರಾತ್ರಿ ಒಂಬತ್ತಕ್ಕೆ ಅವರ ವಿಡಿಯೊ ಕರೆ. ಅಲ್ಲಿ ಒಂಬತ್ತು ಎಂದರೆ ಇಲ್ಲಿ ಹತ್ತೂವರೆ. ನಿದ್ದೆಗಣ್ಣಿನ ಹುಡುಗ ಒಂದೊಂದೇ ನೋಟ್‌ಬುಕ್ಕನ್ನು ಮೊಬೈಲಿನೆದುರು ಹಿಡಿದು ಹಾಳೆ ತಿರುಗಿಸಬೇಕು. ಆಗಸ್ಟಿನಲ್ಲಿ ಒಂದು ದಿನ ಅವನು ಕ್ಯಾಮರಾದ ಮೇಲೆ ಒದ್ದೆ ಬೈರಾಸು ನೇತುಹಾಕಿದ. ತಂದೆ ಕೇಳಿದಾಗ, ಮಳೆಗೆ ಬಟ್ಟೆ ಒಣಗುವುದಿಲ್ಲ, ನಾನೇ ಹಾಕಿದ್ದು ಎಂದು ತಾಯಿ ಹೇಳಿದರು. ಬೈರಾಸು ಮೂರು ವಾರ ಅಲ್ಲಿಯೇ ಒಣಗಿತು!

ತಂದೆಯ ಜೊತೆ ವಿಡಿಯೊದಲ್ಲಿ ಮಾತಾಡಿದೆ. ಅವರು ಸಿದ್ಧರಾಗಿಯೇ ಬಂದಿದ್ದರು. "ಮೊಬೈಲಿನಲ್ಲಿ ಓದಿದ್ದೇನೆ. ನನ್ನ ಹೆಂಡತಿಯದು ಸಡಿಲ ಶೈಲಿ. ಅದರಿಂದಲೇ ಮಗ ಹಾಳಾದ" ಎಂದರು. ಡಯಾನಾ ಬೌಮ್ರಿಂಡ್ ಎಂಬ ಅಮೆರಿಕದ ಮನೋವಿಜ್ಞಾನಿ 1960ರ ದಶಕದಲ್ಲಿ ಮಾಡಿದ, ಮಕ್ಕಳನ್ನು ಬೆಳೆಸುವ ಶೈಲಿಗಳ ವಿಂಗಡಣೆ ಅದು. ಬರೀ ಅಪ್ಪಣೆ ಕೊಡುವವರು, ಏನೂ ಹೇಳದೆ ಬಿಟ್ಟುಬಿಡುವವರು, ನಿಯಮವನ್ನೂ ಇಟ್ಟು ಮಗುವಿನ ಮಾತನ್ನೂ ಕೇಳುವವರು. 1983ರಲ್ಲಿ ಮ್ಯಾಕಬಿ ಮತ್ತು ಮಾರ್ಟಿನ್ ಎಂಬ ಸಂಶೋಧಕರು ಇದಕ್ಕೆ ನಾಲ್ಕನೆಯದನ್ನು ಸೇರಿಸಿದರು: ಮಗುವಿನ ಗೊಡವೆಗೇ ಹೋಗದವರು. ಉಪಯುಕ್ತ ವಿಂಗಡಣೆಯೇ. ಆದರೆ ಈಚೆಗೆ ಗಂಡ ಹೆಂಡಿರು ಇದನ್ನು ಪರಸ್ಪರ ಬೈಯುವುದಕ್ಕೆ ಬಳಸುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಈ ಮನೆಯಲ್ಲಿ ಶೈಲಿ ಎರಡಲ್ಲ, ಒಂದೇ ಹಗ್ಗದ ಎರಡು ತುದಿ. ತಂದೆ ಬಿಗಿದಷ್ಟೂ ತಾಯಿ ಮುಚ್ಚಿಡುತ್ತಾರೆ. ಇವರು ಮುಚ್ಚಿಟ್ಟಷ್ಟೂ ಅವರಿಗೆ ಅನುಮಾನ ಬಂದು ಇನ್ನಷ್ಟು ಬಿಗಿಯುತ್ತಾರೆ. ತಾಯಿ ಮೂಲತಃ ಸಡಿಲದವರೇನಲ್ಲ; ಕ್ಯಾಮರಾ ಬರುವ ಮೊದಲು ಮಗನನ್ನು ಗದರಿಸುತ್ತಿದ್ದವರು ಅವರೇ ಎಂದು ಅಜ್ಜಿ ಹೇಳಿದರು. ತಂದೆಯನ್ನೂ ನಾನು ದೂರಲಾರೆ. "ಇಲ್ಲಿ ಕುಳಿತು ನಾನು ಇನ್ನೇನು ಮಾಡಲಿ ಟೀಚರೇ? ಹಣ ಕಳಿಸಬಹುದು, ನೋಡಬಹುದು, ಅಷ್ಟೇ" ಎಂದಾಗ ಅವರ ದನಿ ಇಳಿದಿತ್ತು.

ಮೊದಲು ಹೇಳಿದ್ದು ಕ್ಯಾಮರಾ ತೆಗೆಯಲು. ಅದಕ್ಕೆ ಅವರು ಒಪ್ಪಲು ಎರಡು ಭೇಟಿ ಬೇಕಾಯಿತು. "ದುಡ್ಡು ಕೊಟ್ಟು ಹಾಕಿಸಿದ್ದು" ಎಂದರು. ಹಾಗಾದರೆ ಅಂಗಳಕ್ಕೆ ತಿರುಗಿಸಿ, ಅಡಿಕೆ ಒಣಹಾಕಿದಾಗ ಕಾವಲಿಗಾಗುತ್ತದೆ ಎಂದೆ. ಈ ಮಾತು ಹಿಡಿಸಿತು. ಕರೆಯನ್ನು ಅವರ ಮಧ್ಯಾಹ್ನದ ಊಟದ ಬಿಡುವಿಗೆ, ಅಂದರೆ ಹುಡುಗ ಶಾಲೆಯಿಂದ ಬರುವ ಹೊತ್ತಿಗೆ ಬದಲಿಸಲು ಹೇಳಿದೆ. ಆ ಕರೆಯಲ್ಲಿ ಓದಿನ ವಿಷಯ ಕೂಡದು. ಓದಿನ ಲೆಕ್ಕ ವಾರಕ್ಕೆ ಒಮ್ಮೆ, ಭಾನುವಾರ ಮೂವರೂ ಕುಳಿತಾಗ ಮಾತ್ರ. ಅಂಕ ಎಷ್ಟೇ ಇರಲಿ, ಹೇಳುವವನು ಮಗ. ಕಡಿಮೆ ಅಂಕಕ್ಕೆ ಬೈಗುಳವಿಲ್ಲ, ಮುಚ್ಚಿಟ್ಟರೆ ಆ ವಾರ ಮೊಬೈಲ್ ಇಲ್ಲ ಎಂದು ಇಬ್ಬರೂ ಒಟ್ಟಿಗೆ ತೀರ್ಮಾನಿಸಿದರು. ದಿನನಿತ್ಯದ ವಿಷಯದಲ್ಲಿ ತಾಯಿಯದೇ ಕೊನೆಯ ಮಾತು. "ಅಪ್ಪನಿಗೆ ಹೇಳುತ್ತೇನೆ" ಎಂದು ಹೆದರಿಸುವಂತಿಲ್ಲ, "ಅಪ್ಪನಿಗೆ ಹೇಳಬೇಡ" ಎಂದು ಗುಟ್ಟು ಮಾಡುವಂತೆಯೂ ಇಲ್ಲ. ಎರಡನೆಯದು ತನಗೆ ಕಷ್ಟ ಎಂದು ತಾಯಿ ಅಲ್ಲಿಯೇ ಒಪ್ಪಿಕೊಂಡರು.

ಇನ್ನೊಂದು, ತಾಯಿಗೆ ಮಲಯಾಳ ಅಕ್ಷರ ಕಲಿಸುವ ಕೆಲಸವನ್ನು ಹುಡುಗನಿಗೇ ಕೊಟ್ಟೆ. ದಿನಕ್ಕೆ ಹತ್ತು ನಿಮಿಷ. ಬೇರೆ ಯಾರಿಂದಲಾದರೂ ಸಂದೇಶ ಓದಿಸಬಹುದಿತ್ತು, ಆದರೆ ಆಗ ಅದು ಅವನ ಮೇಲಿನ ಇನ್ನೊಂದು ಕಾವಲಾಗುತ್ತಿತ್ತು. ಗಣಿತ ಬೇರೆ ಸಮಸ್ಯೆ. ಭಿನ್ನರಾಶಿಯಲ್ಲೇ ಅವನ ಅಡಿಪಾಯ ಗಟ್ಟಿಯಿರಲಿಲ್ಲ. ಅದನ್ನು ಶಿಕ್ಷಕಿಗೆ ಬಿಟ್ಟೆ.

ಜನವರಿಯಲ್ಲಿ ತಾಯಿ ಮಗ ಇಬ್ಬರೂ ಬಂದಿದ್ದರು. ಕ್ರಿಸ್‌ಮಸ್ ಪರೀಕ್ಷೆಯ ಗಣಿತದಲ್ಲಿ 26. ದೊಡ್ಡ ಜಿಗಿತವೇನಲ್ಲ. ಆದರೆ ತಂದೆಗೆ ಅದನ್ನು ಹೇಳಿದವನು ಹುಡುಗ, ತಂದೆ ಒಂದು ನಿಮಿಷ ಸುಮ್ಮನಿದ್ದು, "ಊಟ ಆಯಿತಾ?" ಎಂದರಂತೆ. ಅಂಗಳದ ಕ್ಯಾಮರಾದಿಂದ ಡಿಸೆಂಬರಿನಲ್ಲಿ ಒಮ್ಮೆ, "ಮೋಡ ಕವಿದಿದೆ, ಅಡಿಕೆಗೆ ಟಾರ್ಪಾಲು ಎಳೆ" ಎಂದು ದುಬೈಯಿಂದ ಧ್ವನಿ ಬಂದು, ಅಜ್ಜಿ ಹೆದರಿ ಕೈಯಲ್ಲಿದ್ದ ಹಿಡಿಸೂಡಿ ಬಿಟ್ಟರು ಎಂದು ಹೇಳುತ್ತಾ ಇಬ್ಬರೂ ನಕ್ಕರು.

ಹೊರಡುವಾಗ ಮಗನನ್ನು ಮುಂದೆ ಕಳಿಸಿ ತಾಯಿ ಬಾಗಿಲಲ್ಲಿ ನಿಂತರು. ಅವನು ಸೈಕಲ್ ಬ್ರೇಕ್ ತುಂಡು ಮಾಡಿದ್ದಾನೆ, ರಿಪೇರಿಗೆ ನಾನೂರು ರೂಪಾಯಿ ಕೊಟ್ಟೆ, ಇವರಿಗೆ ಇನ್ನೂ ಹೇಳಿಲ್ಲ ಎಂದರು. ಭಾನುವಾರ ಹೇಳಿ ಎಂದೆ.